ಹಬ್‌ನಲ್ಲಿ ಹಿಡಿದುಕೊಂಡ ಆ್ಯಕ್ಸಲ್ ಶಾಫ್ಟ್ ಬಿಡಿಸುವುದು: ಮನೆಯಂಗಳದಲ್ಲಿ ರಿಪೇರಿ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಮುಂದಿನ ಚಕ್ರಗಳಿಗೆ ಚಾಲನೆಯಿರುವ ಸಣ್ಣ ಕಾರುಗಳಲ್ಲಿ ಶಾಫ್ಟಿನ ಕೀಲುಗಳನ್ನು ಮುಚ್ಚುವ ರಬ್ಬರ್ ಬೂಟ್ ಹರಿದಾಗ, ತಿರುವಿನಲ್ಲಿ ಸಿವಿ ಜಾಯಿಂಟ್ (ಚಕ್ರ ಓರೆಯಾದಾಗಲೂ ಶಾಫ್ಟಿನ ತಿರುಗುವಿಕೆಯನ್ನು ದಾಟಿಸುವ ಕೀಲು) ಕಟಕಟ ಎನ್ನತೊಡಗಿದಾಗ ಅಥವಾ ಗೇರ್‌ಬಾಕ್ಸಿನ ಪಕ್ಕದ ಸೀಲಿನಿಂದ ಆಯಿಲ್ ಸೋರಿದಾಗ, ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಚಾಲನೆ ಒಯ್ಯುವ ಆ್ಯಕ್ಸಲ್ ಶಾಫ್ಟನ್ನು ಹೊರತೆಗೆಯಬೇಕಾಗುತ್ತದೆ. ನಟ್ ಬಿಚ್ಚಿ, ನಕಲ್ (ಚಕ್ರದ ಬೇರಿಂಗನ್ನು ಹೊತ್ತಿರುವ ಗಟ್ಟಿ ಲೋಹದ ಭಾಗ) ಸರಿಸಿ, ಶಾಫ್ಟ್ ಎಳೆದರಾಯಿತು ಎಂದುಕೊಂಡು ಕೈಹಾಕಿದವರು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಸಿಕ್ಕಿಬೀಳುತ್ತಾರೆ. ನಟ್ ಬಂದಿರುತ್ತದೆ, ಶಾಫ್ಟ್ ಮಾತ್ರ ಹಬ್ (ಚಕ್ರ ಕೂರುವ ನಡುಭಾಗ) ಬಿಟ್ಟು ಕೂದಲೆಳೆಯಷ್ಟೂ ಕದಲುವುದಿಲ್ಲ. ಆಗ ಸುತ್ತಿಗೆ ಕೈಗೆ ಬರುತ್ತದೆ, ಸಂಜೆಯಾಗುವಷ್ಟರಲ್ಲಿ ಶಾಫ್ಟಿನ ತುದಿ ಜಜ್ಜಿಹೋಗಿ, ಬೇರಿಂಗ್ ಕೆಟ್ಟು, ಒಳಗಿನ ಜಾಯಿಂಟ್ ಕಳಚಿಕೊಂಡು, ಒಂದು ಬೂಟ್ ಬದಲಿಸುವ ಕೆಲಸ ಮೂರು ರಿಪೇರಿಗಳಾಗಿರುತ್ತವೆ.

ಇಲ್ಲಿ ಕೆಡುವುದು ಕೆಲಸದ ಅನುಕ್ರಮ, ತೋಳಿನ ಬಲವಲ್ಲ. ಮೊದಲು ನೆನೆಸುವುದು, ನಾಲ್ಕಾರು ಪೆಟ್ಟು ಕೊಟ್ಟು ಪರೀಕ್ಷಿಸುವುದು, ಆಮೇಲೆ ಪುಲ್ಲರ್ ಎಂಬ ಸ್ಕ್ರೂ ಸಾಧನದಿಂದ ಬಿಗಿಯಾಗಿ ಒತ್ತಿಹಿಡಿಯುವುದು, ಆ ಒತ್ತಡ ಇರುವಾಗಲೇ ಪೆಟ್ಟು ಕೊಡುವುದು, ಕೊನೆಗೆ ಸಸ್ಪೆನ್ಷನ್ ಬಿಚ್ಚುವುದು. ಈ ಸರದಿಯನ್ನು ತಿರುವುಮುರುವು ಮಾಡಿದಾಗಲೇ ಹೆಚ್ಚಿನ ಹಾನಿಯಾಗುತ್ತದೆ. ಹಿಂದಿನ ಚಕ್ರಗಳಿಗೆ ಚಾಲನೆಯಿರುವ ಜೀಪು, ಪಿಕಪ್‌ಗಳ ಹಿಂದಿನ ಆ್ಯಕ್ಸಲಿನ ರಚನೆಯೇ ಬೇರೆಯಾದ್ದರಿಂದ ಕೆಳಗಿನ ಹಂತಗಳನ್ನು ಅವುಗಳಿಗೆ ಅನ್ವಯಿಸಬಾರದು.

ಹಿಡಿದಿರುವುದು ಎಲ್ಲಿ, ಏಕೆ

ಶಾಫ್ಟಿನ ಹೊರತುದಿಯಲ್ಲಿರುವ ಉದ್ದುದ್ದ ಹಲ್ಲುಗಳು, ಅಂದರೆ ಸ್ಪ್ಲೈನ್‌ಗಳು, ಹಬ್‌ನ ಒಳಹಲ್ಲುಗಳೊಳಗೆ ಬಿಗಿಯಾಗಿ ಕೂತಿರುತ್ತವೆ. ನೀರು ಒಳಸೇರಿ ಅಲ್ಲಿ ತುಕ್ಕು ಹುಟ್ಟಿದರೆ, ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ, ಇದ್ದ ಸಣ್ಣ ಸಂದೂ ಮುಚ್ಚಿಹೋಗಿ ಎರಡು ಭಾಗಗಳು ಒಂದೇ ತುಂಡಿನಂತೆ ಬೆಸೆದುಕೊಳ್ಳುತ್ತವೆ. ನವಲಗುಂದ, ಅಣ್ಣಿಗೇರಿ, ನರಗುಂದ, ರೋಣದ ಎರೆನೆಲದಲ್ಲಿ ಓಡಾಡುವ ಗಾಡಿಗಳಲ್ಲಿ ಇದು ಬೇಗ ಆಗುತ್ತದೆ. ಎರೆಮಣ್ಣು ನಕಲ್‌ನ ಹಿಂಬದಿಗೆ ಮೆತ್ತಿಕೊಂಡು, ಮೇಲೆ ಒಣಗಿದಂತೆ ಕಂಡರೂ ಒಳಗೆ ದಿನಗಟ್ಟಲೆ ತೇವ ಹಿಡಿದಿರುತ್ತದೆ. ಅಂಕೋಲಾ, ಕಾರವಾರದ ಕಡೆ ಮೇಲಿಂದ ಮೇಲೆ ಹೋಗಿಬರುವ ಗಾಡಿಯಾದರೆ ಉಪ್ಪಿನ ಗಾಳಿಯ ಪಾಲೂ ಅದಕ್ಕೆ ಸೇರುತ್ತದೆ.

ಎಲ್ಲ ಬಿಗಿತಕ್ಕೂ ತುಕ್ಕೇ ಕಾರಣ ಎಂದುಕೊಳ್ಳುವಂತಿಲ್ಲ. ಕೆಲವು ತಯಾರಕರು ಸ್ಪ್ಲೈನ್‌ಗಳಿಗೆ ಅಂಟಿನಂಥ ಲಾಕಿಂಗ್ ದ್ರವ ಹಚ್ಚಿಯೇ ಜೋಡಿಸಿರುತ್ತಾರೆ. ಅಂಥ ಗಾಡಿಗೆ ಎಷ್ಟು ಎಣ್ಣೆ ಸುರಿದರೂ ಪ್ರಯೋಜನ ಕಡಿಮೆ, ಪುಲ್ಲರೇ ಬೇಕು. ಆದ್ದರಿಂದ ನಿಮ್ಮ ಮಾದರಿಯ ಸರ್ವಿಸ್ ಕೈಪಿಡಿಯನ್ನು ಕೆಲಸಕ್ಕೆ ಮುಂಚೆಯೇ ನೋಡಿಕೊಳ್ಳಬೇಕು. ನಟ್ ಬಿಗಿಸುವ ಟಾರ್ಕ್ (ತಿರುಚುವ ಬಲ) ಅಂಕಿಯೂ ಅಲ್ಲೇ ಸಿಗುತ್ತದೆ.

ಕೈಯಲ್ಲಿ ಇರಬೇಕಾದ ಸಾಮಾನು

ಗಾಡಿಯ ಜೊತೆ ಬಂದ ಜಾಕ್ ಟಯರ್ ಬದಲಿಸಲಿಕ್ಕೆ ಮಾತ್ರ. ಈ ಕೆಲಸಕ್ಕೆ ಟ್ರಾಲಿ ಜಾಕ್ ಮತ್ತು ಎರಡು ಗಟ್ಟಿ ಜಾಕ್ ಸ್ಟ್ಯಾಂಡ್ ಬೇಕು. ಹಬ್ ನಟ್‌ಗೆ ಆರು ಮೂಲೆಯ ಸಾಕೆಟ್ ತರಬೇಕು. ಹನ್ನೆರಡು ಮೂಲೆಯದು ಬಿಗಿ ನಟ್‌ನ ಮೂಲೆ ಸವೆಸುತ್ತದೆ. ಸಣ್ಣ ಕಾರುಗಳಲ್ಲಿ 30 ಅಥವಾ 32 ಮಿ.ಮೀ. ನಟ್ ಸಾಮಾನ್ಯವಾದರೂ ವರ್ನಿಯರ್‌ನಿಂದ ಅಳೆದು ಖಚಿತ ಮಾಡಿಕೊಂಡೇ ಅಂಗಡಿಗೆ ಹೋಗಬೇಕು. ಅದಕ್ಕೆ ಉದ್ದ ಟಾಮಿ ಬಾರ್, ಅದರ ಮೇಲೆ ಏರಿಸಲು ಒಂದು ಮೀಟರಿನಷ್ಟು ಉದ್ದದ ಗಟ್ಟಿ ಕಬ್ಬಿಣದ ಪೈಪು ಇರಲಿ.

ಇವುಗಳ ಜೊತೆಗೆ ತಂತಿ ಬ್ರಷ್, ಸಂದಿಗಿಳಿಯುವ ತುಕ್ಕು ಬಿಡಿಸುವ ಎಣ್ಣೆ, ಕಿರಿದಾದ ಬಾಯಿಯ ಚಾಣ, ಒಂದೂವರೆ ಕಿಲೋ ಸುತ್ತಿಗೆ, ಬೆರಳಿಗಿಂತ ದಪ್ಪನೆಯ ಹಿತ್ತಾಳೆ ರಾಡ್, ಉಕ್ಕಿನ ಸ್ಕೇಲು, ಬಿಳಿ ಪೇಂಟ್, ಬೈಂಡಿಂಗ್ ತಂತಿ, ಕಣ್ಣಿಗೆ ಕನ್ನಡಕ ಬೇಕು. ಡೀಸೆಲ್ ಮತ್ತು ಹಳೆಯ ಎಂಜಿನ್ ಆಯಿಲನ್ನು ನಂಬಿ ಕೂರಬೇಡಿ. ಎಂಜಿನ್ ಆಯಿಲ್ ಮಂದವಾಗಿದ್ದು ಅಷ್ಟು ಸಣ್ಣ ಸಂದಿಗೆ ಇಳಿಯುವುದೇ ಇಲ್ಲ. ಡೀಸೆಲ್ ಇಳಿದರೂ ಬಿಡಿಸುವ ಗುಣ ಅದರಲ್ಲಿ ಕಡಿಮೆ.

ಎಲ್ಲಕ್ಕಿಂತ ಮುಖ್ಯವಾದದ್ದು ಹಬ್ ಪುಲ್ಲರ್. ಇದರಲ್ಲಿ ಎರಡು ಬಗೆಯಿದೆ. ಕೊಕ್ಕೆಗಳಿರುವ ಸಾಮಾನ್ಯ ಪುಲ್ಲರ್ ಅಗ್ಗಕ್ಕೆ ಸಿಗುತ್ತದೆ, ಆದರೆ ಈ ಕೆಲಸಕ್ಕೆ ಒಗ್ಗುವುದಿಲ್ಲ. ಬೇಕಾದದ್ದು ಹಬ್‌ನ ವೀಲ್ ಬೋಲ್ಟ್‌ಗಳಿಗೇ ಕಾಲುಗಳನ್ನು ಕೂರಿಸಿ ವೀಲ್ ನಟ್‌ನಿಂದ ಬಿಗಿಯುವ ಫ್ಲ್ಯಾಂಜ್ ಪುಲ್ಲರ್. ಕಾರಣ ಹಂತ 5ರಲ್ಲಿ ಬರುತ್ತದೆ. ಕೊಳ್ಳುವುದು ಬೇಡವೆನಿಸಿದರೆ ಪರಿಚಯದ ಗ್ಯಾರೇಜಿನಿಂದ ಒಂದು ದಿನದ ಮಟ್ಟಿಗೆ ಕೇಳಿ ತರಬಹುದು, ಇಲ್ಲವೇ ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಂಥ ಕಡೆ ಲೇಥ್ ಕೆಲಸದವರಿಂದ ದಪ್ಪ ಪ್ಲೇಟಿಗೆ ತೂತು ಕೊರೆಸಿ, ನಡುವೆ ಸ್ಕ್ರೂ ಹಾಕಿಸಿಕೊಳ್ಳಬಹುದು. ಪುಲ್ಲರ್ ಕೈಗೆ ಬರುವ ಮೊದಲು ಗಾಡಿ ಬಿಚ್ಚಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಂತ 1: ಜಾಗ ಮತ್ತು ಆಧಾರ

ಗಾಡಿಯನ್ನು ಸಮತಟ್ಟಾದ ಕಾಂಕ್ರೀಟ್ ಮೇಲೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಎರಡೂ ಚಕ್ರಗಳಿಗೆ ಅಡೆ ಕೊಡಬೇಕು. ಅಂಗಳ ಬರೀ ಮಣ್ಣಿನದಾಗಿದ್ದರೆ ಸ್ಟ್ಯಾಂಡಿನ ಕೆಳಗೆ ದಪ್ಪ ಮರದ ಹಲಗೆ ಅಥವಾ ಉಕ್ಕಿನ ಪ್ಲೇಟ್ ಇಡಲೇಬೇಕು. ಎರೆನೆಲ ಬೇಸಿಗೆಯಲ್ಲಿ ಕಲ್ಲಿನಂತಿದ್ದರೂ ಒಂದು ಮಳೆ ಬಿದ್ದರೆ ಸ್ಟ್ಯಾಂಡಿನ ಕಾಲು ಅದರೊಳಗೆ ಇಳಿಯುತ್ತದೆ. ಕಡಪಾ ಕಲ್ಲು ಹಾಸಿದ ಕಟ್ಟೆಯೂ ಬೇಡ, ಒಂದೇ ಬಿಂದುವಿನ ಭಾರಕ್ಕೆ ಆ ಕಲ್ಲು ಸದ್ದಿಲ್ಲದೆ ಸೀಳುತ್ತದೆ. ಇಟ್ಟಿಗೆ ಪೇರಿಸಿ ಗಾಡಿ ನಿಲ್ಲಿಸುವುದನ್ನು ಯಾವ ಕಾರಣಕ್ಕೂ ಮಾಡಕೂಡದು, ಏಕೆಂದರೆ ಮುಂದೆ ನೀವು ಇದೇ ಗಾಡಿಗೆ ಸುತ್ತಿಗೆಯಿಂದ ಹೊಡೆಯಲಿದ್ದೀರಿ.

ಹಂತ 2: ಚಕ್ರ ನೆಲದ ಮೇಲಿರುವಾಗಲೇ ನಟ್ ಸಡಿಲಿಸುವುದು

ಗಾಡಿ ಎತ್ತಿದ ಮೇಲೆ ಹಬ್ ನಟ್ ನೆನಪಾಗುವುದು ಸಾಮಾನ್ಯ ತಪ್ಪು. ಚಕ್ರದ ನಡುವಿನ ಮುಚ್ಚಳ ತೆಗೆದು, ನಟ್‌ನ ಅಂಚನ್ನು ಶಾಫ್ಟಿನ ತೋಡಿನೊಳಗೆ ಒತ್ತಿ ಕೂರಿಸಿರುವ ಭಾಗವನ್ನು ಮೊದಲು ಹುಡುಕಿ. ಕಿರಿದಾದ ಚಾಣದಿಂದ ಆ ತುಟಿಯನ್ನು ಪೂರ್ತಿ ಹೊರಗೆ ಎಬ್ಬಿಸಬೇಕು. ಅರ್ಧಂಬರ್ಧ ಎಬ್ಬಿಸಿ ನಟ್ ತಿರುಗಿಸಿದರೆ ಅದು ಶಾಫ್ಟಿನ ಥ್ರೆಡ್ಡನ್ನು ಕೆತ್ತಿಕೊಂಡೇ ಹೊರಬರುತ್ತದೆ. ಹಳೆಯ ಕೆಲವು ಗಾಡಿಗಳಲ್ಲಿ ಇದರ ಬದಲು ಕಾಟರ್ ಪಿನ್ ಇರುತ್ತದೆ, ಅದನ್ನು ನೇರಮಾಡಿ ಎಳೆದುಬಿಡಿ.

ಮನೆಯವರೊಬ್ಬರನ್ನು ಬ್ರೇಕ್ ಪೆಡಲ್ ಒತ್ತಿ ಕೂರಲು ಹೇಳಿ, ಟಾಮಿ ಬಾರ್‌ಗೆ ಪೈಪು ಏರಿಸಿ, ಅಪ್ರದಕ್ಷಿಣವಾಗಿ ನಿಧಾನಕ್ಕೆ ಭಾರ ಹಾಕಬೇಕು. ಅರವತ್ತು ಕಿಲೋ ತೂಕದ ಮನುಷ್ಯ ಒಂದು ಮೀಟರ್ ಪೈಪಿನ ತುದಿಗೆ ತನ್ನ ಇಡೀ ಭಾರ ಬಿಟ್ಟರೆ ಸುಮಾರು 590 ನ್ಯೂಟನ್ ಮೀಟರ್ ಟಾರ್ಕ್ ಬೀಳುತ್ತದೆ. ಸಣ್ಣ ಕಾರಿನ ಹಬ್ ನಟ್ ಬಿಗಿಸಿರುವುದು ಸಾಮಾನ್ಯವಾಗಿ ಇದರ ಅರ್ಧಕ್ಕಿಂತ ಕಡಿಮೆ ಟಾರ್ಕಿನಲ್ಲಿ. ಹಾಗಾಗಿ ಪೈಪಿನ ಮೇಲೆ ಹತ್ತಿ ಕುಣಿಯುವ ಅಗತ್ಯವಿಲ್ಲ. ಅರ್ಧ ಇಂಚಿನ (ಸಾಕೆಟ್ ಕೂರುವ ಚೌಕದ ಅಳತೆ) ಬಾರ್ ತಿರುಚಿಕೊಳ್ಳುತ್ತಿರುವುದು ಕಣ್ಣಿಗೆ ಕಂಡರೆ ತಕ್ಷಣ ಭಾರ ಇಳಿಸಿ, ಮುಕ್ಕಾಲು ಇಂಚಿನ ಬಾರ್ ತರಬೇಕು.

ನಟ್ ಒಮ್ಮೆ ಸಡಿಲವಾದ ಕೂಡಲೇ ಕೈಯಿಂದ ಮತ್ತೆ ಬಿಗಿಸಿಡಿ. ನಟ್ ಸಡಿಲವಿರುವಾಗ ಚಕ್ರದ ಮೇಲೆ ಗಾಡಿ ಉರುಳಿದರೆ ಬೇರಿಂಗ್ ಹಾಳಾಗಬಹುದು. ನಂತರ ಗಾಡಿಯ ಮುಂಭಾಗದ ಎರಡೂ ಬದಿಗಳನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಒಂದೇ ಬದಿ ಎತ್ತಿದರೆ ಎರಡೂ ಬದಿಯ ಸಸ್ಪೆನ್ಷನ್ ಜೋಡಿಸುವ ಸ್ಟೆಬಿಲೈಜರ್ ಬಾರ್ ಆ ಬದಿಯ ಲೋವರ್ ಆರ್ಮನ್ನು (ನಕಲ್‌ನ ಕೆಳಗಿನ ತೋಳು) ಎಳೆದು ಹಿಡಿದು, ಆ ತೋಳು ನಕಲ್‌ಗೆ ಕೂಡುವ ಬಾಲ್ ಜಾಯಿಂಟನ್ನು ಮುಂದೆ ಬಿಡಿಸಲು ಕೊಡುವುದಿಲ್ಲ.

ಹಂತ 3: ತೆರವು ಮಾಡಿ ನೆನೆಸುವುದು

ಚಕ್ರ ತೆಗೆದು, ಹಬ್ ನಟ್ಟನ್ನೂ ಪೂರ್ತಿ ಬಿಚ್ಚಿ, ಬ್ರೇಕ್ ಕ್ಯಾಲಿಪರಿನ ಬೋಲ್ಟ್ ಬಿಚ್ಚಿ, ಅದನ್ನು ಬೈಂಡಿಂಗ್ ತಂತಿಯಿಂದ ಸ್ಪ್ರಿಂಗಿಗೆ ತೂಗುಹಾಕಬೇಕು. ಬ್ರೇಕ್ ಹೋಸಿನ ಮೇಲೆ ಅದರ ಭಾರ ಬೀಳಕೂಡದು. ಡಿಸ್ಕ್ ತೆಗೆದರೆ ಹಬ್‌ನ ಮುಖ ಪೂರ್ತಿ ಕೈಗೆ ಸಿಗುತ್ತದೆ. ಎಬಿಎಸ್ ಇರುವ ಗಾಡಿಯಾದರೆ ಸೆನ್ಸರನ್ನು ಈಗಲೇ ಬಿಚ್ಚಿ ಪಕ್ಕಕ್ಕೆ ಕಟ್ಟಿಡಿ, ಸುತ್ತಿಗೆಯ ಏಟಿಗೆ ಮೊದಲು ಒಡೆಯುವುದು ಅದೇ.

ಈಗ ತಂತಿ ಬ್ರಷ್. ಮಣ್ಣು, ಸಡಿಲ ತುಕ್ಕು ಮೆತ್ತಿರುವಾಗಲೇ ಎಣ್ಣೆ ಹೊಡೆದರೆ ಆ ಎಣ್ಣೆಯನ್ನು ಮಣ್ಣೇ ಕುಡಿಯುತ್ತದೆ. ಮುಂಬದಿಯಲ್ಲಿ ನಟ್ ತೆಗೆದ ಜಾಗದಲ್ಲಿ ಶಾಫ್ಟ್ ಮತ್ತು ಹಬ್ ಕೂಡುವ ಸುತ್ತನ್ನೂ, ಹಿಂಬದಿಯಲ್ಲಿ ಸಿವಿ ಜಾಯಿಂಟ್ ನಕಲ್‌ನೊಳಗೆ ಹೋಗುವ ಸಂದನ್ನೂ ಶುಚಿಮಾಡಿ ಎರಡೂ ಕಡೆಯಿಂದ ಎಣ್ಣೆ ಬಿಡಬೇಕು. ಹಿಂಬದಿ ಕಣ್ಣಿಗೆ ಕಾಣದ ಕಾರಣ ಹೆಚ್ಚಿನವರು ಮುಂಬದಿಗೆ ಮಾತ್ರ ಹೊಡೆದು ಮುಗಿಸುತ್ತಾರೆ. ಒಂದೇ ಸಲ ಡಬ್ಬಿ ಖಾಲಿ ಮಾಡುವುದಕ್ಕಿಂತ ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಬಿಟ್ಟು, ನಡುನಡುವೆ ಹಬ್‌ನ ಮುಖಕ್ಕೆ ಹಗುರವಾಗಿ ತಟ್ಟುತ್ತಿದ್ದರೆ ಎಣ್ಣೆ ಚೆನ್ನಾಗಿ ಇಳಿಯುತ್ತದೆ. ಶನಿವಾರ ಸಂಜೆ ನೆನೆಸಿ ಭಾನುವಾರ ಬೆಳಿಗ್ಗೆ ಮುಂದಿನ ಹಂತಕ್ಕೆ ಹೋಗುವಂತೆ ಕೆಲಸ ಹೊಂದಿಸಿಕೊಳ್ಳುವುದು ಒಳ್ಳೆಯದು. ಅಸಿಟೋನ್ ಬೆರೆಸಿದ ಮಿಶ್ರಣ ಬಳಸುವವರು ಅದು ಸುಲಭವಾಗಿ ಹೊತ್ತಿಕೊಳ್ಳುತ್ತದೆ ಎಂಬುದನ್ನು ಮರೆಯಬಾರದು.

ಹಂತ 4: ಗುರುತು ಹಾಕಿ ಮೊದಲ ಪೆಟ್ಟುಗಳು

ಶಾಫ್ಟಿನ ತುದಿ ಹಬ್‌ನ ಮುಖದಿಂದ ಎಷ್ಟು ಹೊರಚಾಚಿದೆ ಎಂದು ಸ್ಕೇಲಿನಿಂದ ಅಳೆದು ಬರೆದಿಡಿ, ಶಾಫ್ಟ್ ಮತ್ತು ಹಬ್ ಕೂಡುವಲ್ಲಿ ಬಿಳಿ ಪೇಂಟಿನ ಗೆರೆ ಎಳೆಯಿರಿ. ಅರ್ಧ ಮಿಲಿಮೀಟರ್ ಕದಲಿದರೂ ಆ ಗೆರೆ ಸೀಳುತ್ತದೆ. ಈ ಗುರುತಿಲ್ಲದೆ ಹೊಡೆಯುವವರಿಗೆ ಕೆಲಸ ಸಾಗುತ್ತಿದೆಯೇ ಇಲ್ಲವೇ ತಿಳಿಯದೆ, ಕದಲಲು ಶುರುವಾದ ಶಾಫ್ಟಿಗೂ ಬೇಕಿಲ್ಲದ ಏಟು ಬೀಳುತ್ತದೆ.

ಹಳೆಯ ನಟ್ಟನ್ನು ಶಾಫ್ಟಿಗೆ ಮತ್ತೆ ತೊಡಿಸಿ, ಅದರ ಮುಖ ಶಾಫ್ಟಿನ ತುದಿಗೆ ಸಮನಾಗುವಂತೆ ಅಥವಾ ಒಂದು ಸುತ್ತು ಮುಂದಿರುವಂತೆ ನಿಲ್ಲಿಸಿ. ಇದರಿಂದ ಥ್ರೆಡ್ಡಿಗೆ ರಕ್ಷಣೆ ಸಿಗುತ್ತದೆ. ನಟ್ ಮತ್ತು ಹಬ್ ನಡುವೆ ಸಾಕಷ್ಟು ಖಾಲಿ ಜಾಗ ಇರಬೇಕು, ಇಲ್ಲದಿದ್ದರೆ ಶಾಫ್ಟ್ ಹಿಂದೆ ಸರಿಯುವಂತೆಯೇ ಇಲ್ಲ. ಹಿತ್ತಾಳೆ ರಾಡನ್ನು ನಟ್ ಮತ್ತು ಶಾಫ್ಟಿನ ಮೇಲೆ ಚಪ್ಪಟೆಯಾಗಿ ಇಟ್ಟು ನಾಲ್ಕಾರು ಗಟ್ಟಿ ಪೆಟ್ಟು ಕೊಡಿ. ತುದಿಯ ನಡುವೆ ಲೇಥ್ ಕೆಲಸದಲ್ಲಿ ಉಳಿದ ಸಣ್ಣ ಗುಳಿ ಇರುತ್ತದೆ. ಅದರೊಳಗೆ ಚೂಪಾದ ಪಂಚ್ ಇಟ್ಟು ಹೊಡೆದರೆ ತುದಿ ಹೊರಕ್ಕೆ ಉಬ್ಬಿ, ಮುಂದೆ ನಟ್ ಕೂಡ ಹೊರಬರದಂತಾಗುತ್ತದೆ.

ಕಿವಿಯನ್ನೂ ಬಳಸಬೇಕು. ಶಾಫ್ಟ್ ಪೂರ್ತಿ ಹಿಡಿದಿರುವಾಗ ಪೆಟ್ಟು ಠಣ್ ಎಂದು ಮರುಪುಟಿಯುತ್ತದೆ. ಬಿಡಲು ಶುರುವಾದಾಗ ಸದ್ದು ಧಪ್ ಎಂದು ಮಂದವಾಗುತ್ತದೆ, ಸುತ್ತಿಗೆ ಪುಟಿಯುವುದಿಲ್ಲ. ಈ ಕೆಲವು ಪೆಟ್ಟಿಗೆ ಸದ್ದು ಬದಲಾಗದಿದ್ದರೆ ಹೊಡೆಯುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಶಾಫ್ಟಿಗೆ ಬಿದ್ದ ಪೆಟ್ಟು ಸ್ಪ್ಲೈನ್ ಮೂಲಕ ಹಬ್‌ಗೆ, ಹಬ್‌ನಿಂದ ಬೇರಿಂಗ್‌ಗೆ, ಅಲ್ಲಿಂದ ನಕಲ್‌ಗೆ ಸಾಗುತ್ತದೆ. ಶಾಫ್ಟ್ ಕದಲದಿದ್ದಾಗ ಪ್ರತಿ ಏಟನ್ನೂ ಬೇರಿಂಗಿನ ಗುಂಡುಗಳೇ ತಿನ್ನುತ್ತಿರುತ್ತವೆ.

ಹಂತ 5: ಪುಲ್ಲರ್ ಹಾಕಿ ಒತ್ತಡ ಹಿಡಿಸುವುದು

ಫ್ಲ್ಯಾಂಜ್ ಪುಲ್ಲರ್ ಹಬ್‌ನ ಬೋಲ್ಟ್‌ಗಳನ್ನು ಹಿಡಿದುಕೊಂಡು ಶಾಫ್ಟನ್ನು ಒಳಕ್ಕೆ ದೂಡುತ್ತದೆ. ಬಲ ಹಬ್ ಮತ್ತು ಶಾಫ್ಟಿನ ನಡುವೆಯೇ ಮುಗಿಯುವುದರಿಂದ ಬೇರಿಂಗಿಗೆ ಏನೂ ತಗಲುವುದಿಲ್ಲ. ಕೊಕ್ಕೆ ಪುಲ್ಲರನ್ನು ನಕಲ್‌ನ ಹಿಂದೆ ಸಿಕ್ಕಿಸಿದರೆ ಅದೇ ಬಲ ಬೇರಿಂಗ್ ಮೂಲಕ ಹಾದುಹೋಗುತ್ತದೆ, ಬ್ರೇಕ್ ಡಿಸ್ಕಿಗೆ ಸಿಕ್ಕಿಸಿದರೆ ಡಿಸ್ಕ್ ಸೊಟ್ಟಗಾಗುತ್ತದೆ ಅಥವಾ ಬಿರುಕು ಬಿಡುತ್ತದೆ. ಇಷ್ಟೇ ಕಾರಣಕ್ಕೆ ಆ ಪುಲ್ಲರ್ ಬೇಡ ಎಂದದ್ದು.

ಪುಲ್ಲರಿನ ಕಾಲುಗಳನ್ನು ಎದುರುಬದುರಾಗಿ ಸಮನಾಗಿ ಹಾಕಿ, ವೀಲ್ ನಟ್‌ಗಳು ಪೂರ್ತಿ ಥ್ರೆಡ್ ಹಿಡಿದಿರುವುದನ್ನು ನೋಡಿಕೊಳ್ಳಬೇಕು. ನಡುವಿನ ಸ್ಕ್ರೂವಿಗೆ ಗ್ರೀಸ್ ಹಚ್ಚಿ ಅದರ ತುದಿಯನ್ನು ಶಾಫ್ಟಿನ ಗುಳಿಯಲ್ಲಿ ನೇರವಾಗಿ ಕೂರಿಸಬೇಕು. ಹಳೆಯ ನಟ್ ಶಾಫ್ಟಿನ ಮೇಲೆಯೇ ಇರಲಿ. ಒಮ್ಮೆಲೇ ಬಿಟ್ಟಾಗ ಶಾಫ್ಟ್ ಒಳಕ್ಕೆ ಜಿಗಿದು ಜಾಯಿಂಟ್ ಬಡಿದುಕೊಳ್ಳುವುದನ್ನು ಅದು ತಡೆಯುತ್ತದೆ.

ಸ್ಕ್ರೂ ಬಿಗಿಯುತ್ತಾ ಹೋಗಿ, ಕೈಗೆ ಗಟ್ಟಿ ಎನಿಸಿದಾಗ ನಿಲ್ಲಿಸಿ. ಹೆಚ್ಚಿನವರು ಸೋಲುವುದು ಇಲ್ಲಿಯೇ: ಕದಲಲಿಲ್ಲವೆಂದು ಬಿಗಿಯುತ್ತಲೇ ಹೋಗಿ ಪುಲ್ಲರಿನ ಥ್ರೆಡ್ ಕೀಳುತ್ತಾರೆ. ಬಿಗಿದ ಮೇಲೆ ಹತ್ತು ಹದಿನೈದು ನಿಮಿಷ ಹಾಗೆಯೇ ಬಿಡಬೇಕು. ನಂತರ ಪುಲ್ಲರಿನ ಸ್ಕ್ರೂ ತಲೆಗೆ ನೇರವಾಗಿ ಒಂದು ಗಟ್ಟಿ ಪೆಟ್ಟು ಕೊಟ್ಟು, ಸ್ಕ್ರೂ ಮತ್ತೆ ತಿರುಗುತ್ತದೆಯೇ ನೋಡಬೇಕು. ಕಾಲು ಸುತ್ತು ತಿರುಗಿದರೂ ಅದು ಗೆಲುವು. ಮತ್ತೆ ಬಿಗಿ, ಮತ್ತೆ ಕಾಯುವುದು, ಮತ್ತೆ ಒಂದು ಪೆಟ್ಟು. ನಡುವೆ ಎಣ್ಣೆಯನ್ನೂ ಬಿಡುತ್ತಿರಿ. ಬಿಟ್ಟುಕೊಳ್ಳುವ ಕ್ಷಣದಲ್ಲಿ ಪಟಾಕಿಯಂಥ ಸದ್ದು ಬರುವುದುಂಟು, ಹೆದರಬೇಕಿಲ್ಲ. ಆದರೆ ಒತ್ತಡದಲ್ಲಿರುವ ಪುಲ್ಲರಿನ ಎದುರಿಗೆ ಮುಖವಿಟ್ಟು ಕೂರಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು, ಪುಲ್ಲರನ್ನು ಒಂದು ಹಗ್ಗದಿಂದ ಸ್ಟ್ರಟ್‌ಗೆ (ಸ್ಪ್ರಿಂಗ್ ಹೊತ್ತ ಶಾಕ್ ಅಬ್ಸಾರ್ಬರ್ ಕಂಬ) ಕಟ್ಟಿರಬೇಕು.

ಬಿಸಿ ಮಾಡುವ ಬಗ್ಗೆ ಒಂದು ಮಾತು. ಹಬ್‌ನ ಮುಖವನ್ನು ಹಾಟ್ ಏರ್ ಗನ್‌ನಿಂದ ಹದವಾಗಿ ಬಿಸಿಮಾಡಿದರೆ ಹಬ್ ಸ್ವಲ್ಪ ಹಿಗ್ಗಿ ನೆರವಾಗುತ್ತದೆ. ನೀರಿನ ಹನಿ ಬಿದ್ದಾಗ ಚುರ್ ಎನ್ನುವ ಮಟ್ಟ ದಾಟಿಸಬಾರದು; ಅದಕ್ಕಿಂತ ಮೇಲೆ ಬೇರಿಂಗಿನ ಗ್ರೀಸ್ ಮತ್ತು ಸೀಲ್ ಕೆಡುತ್ತವೆ. ಗ್ಯಾಸ್ ಟಾರ್ಚಿನ ಜ್ವಾಲೆ ಹಾಕುವುದಿದ್ದರೆ ಬೇರಿಂಗ್ ಬದಲಿಸುವುದು ಖಚಿತವಾಗಿರಬೇಕು. ಎಣ್ಣೆ ಅಥವಾ ಅಸಿಟೋನ್ ಬಿಟ್ಟ ಜಾಗಕ್ಕೆ ಬೆಂಕಿ ತೋರಿಸುವುದು, ಅಡುಗೆಮನೆಯ ಸಿಲಿಂಡರ್ ಅಂಗಳಕ್ಕೆ ತರುವುದು ಎರಡೂ ಅಪಾಯದ ಕೆಲಸಗಳು.

ಹಂತ 6: ಬಿಟ್ಟ ಮೇಲೆ ನಕಲ್ ಸರಿಸುವುದು

ಶಾಫ್ಟ್ ಹಬ್‌ನೊಳಗೆ ಕೈಯಿಂದ ಹಿಂದೆ ಮುಂದೆ ಸರಿಯತೊಡಗಿದ ಮೇಲಷ್ಟೇ ಸಸ್ಪೆನ್ಷನ್ ಬಿಚ್ಚಬೇಕು. ಅದಕ್ಕೂ ಮುಂಚೆ ಬಿಚ್ಚಿದರೆ ನಕಲ್ ಜೋತಾಡಿ, ಕೊಟ್ಟ ಪೆಟ್ಟಿನ ಬಲವೆಲ್ಲ ಆ ಅಲುಗಾಟದಲ್ಲೇ ಕಳೆದುಹೋಗುತ್ತದೆ. ಟೈ ರಾಡ್ ಎಂಡ್ (ಸ್ಟಿಯರಿಂಗ್ ಕಡೆಯಿಂದ ನಕಲ್‌ಗೆ ಬರುವ ರಾಡಿನ ತುದಿ) ಮತ್ತು ಲೋವರ್ ಆರ್ಮಿನ ಬಾಲ್ ಜಾಯಿಂಟ್ ಬಿಡಿಸಿ ನಕಲನ್ನು ಹೊರಕ್ಕೆ ತಿರುಗಿಸಿದರೆ ಶಾಫ್ಟ್ ಹೊರಬರುತ್ತದೆ. ಸ್ಟ್ರಟ್‌ನ ಎರಡು ಬೋಲ್ಟ್ ಬಿಚ್ಚುವ ದಾರಿ ಹಿಡಿದರೆ ಮೊದಲು ಅವುಗಳ ಸ್ಥಾನಕ್ಕೆ ಪೇಂಟಿನ ಗುರುತು ಹಾಕಿ.

ಹೊರಬಂದ ಶಾಫ್ಟನ್ನು ಕೈಬಿಟ್ಟು ತೂಗಾಡಿಸಬಾರದು, ಶಾಫ್ಟ್ ಹಿಡಿದು ಹೊರಕ್ಕೆ ಎಳೆಯಲೂ ಬಾರದು. ಒಳಗಿನ, ಅಂದರೆ ಗೇರ್‌ಬಾಕ್ಸ್ ಬದಿಯ, ಟ್ರೈಪಾಡ್ ಜಾಯಿಂಟ್ ತನ್ನ ಬಟ್ಟಲಿನಿಂದ ಕಳಚಿಕೊಂಡು, ಇಡೀ ಜಾಯಿಂಟ್ ಬಿಚ್ಚಿ ಗ್ರೀಸ್ ತುಂಬಬೇಕಾದ ಕೆಲಸ ಹೊಸದಾಗಿ ಹುಟ್ಟುತ್ತದೆ. ಶಾಫ್ಟನ್ನು ಅಡ್ಡಲಾಗಿ ತಂತಿಯಿಂದ ಕಟ್ಟಿ ನಿಲ್ಲಿಸಿ.

ಹಂತ 7: ಗೇರ್‌ಬಾಕ್ಸ್ ಬದಿ ಹಿಡಿದಿದ್ದರೆ

ಈ ತುದಿಯನ್ನು ಸಾಮಾನ್ಯವಾಗಿ ತುಕ್ಕು ಹಿಡಿದಿರುವುದಿಲ್ಲ, ಒಂದು ಸಣ್ಣ ಉಂಗುರದಂಥ ಸರ್ಕ್ಲಿಪ್ ಹಿಡಿದಿರುತ್ತದೆ. ಗೇರ್ ಆಯಿಲ್ ಇಳಿಸಿ, ಜಾಯಿಂಟಿನ ಬಟ್ಟಲು ಮತ್ತು ಗೇರ್‌ಬಾಕ್ಸ್ ನಡುವೆ ಎದುರುಬದುರಾಗಿ ಎರಡು ಚಪ್ಪಟೆ ಬಾರ್ ಕೊಟ್ಟು ಚುರುಕಾಗಿ ಒಂದೇ ಬಾರಿ ಮೀಟಬೇಕು. ನಿಧಾನಕ್ಕೆ ಒತ್ತಿದರೆ ಸರ್ಕ್ಲಿಪ್ ಕುಗ್ಗುವುದಿಲ್ಲ. ಬರದಿದ್ದರೆ ಶಾಫ್ಟನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಪ್ರಯತ್ನಿಸಿ, ಕ್ಲಿಪ್ಪಿನ ಬಾಯಿಯ ದಿಕ್ಕು ಬದಲಾದಾಗ ಸುಲಭವಾಗಿ ಬರುವುದುಂಟು. ಬಾರಿನ ತುದಿ ಆಯಿಲ್ ಸೀಲಿನ ತುಟಿಗೆ ತಾಗದಂತೆ, ಅಲ್ಯೂಮಿನಿಯಂ ಕವಚದ ತೆಳು ಭಾಗದ ಮೇಲೆ ಊರದಂತೆ ನೋಡಿಕೊಳ್ಳಬೇಕು. ಕೆಲವು ಗೇರ್‌ಬಾಕ್ಸ್‌ಗಳಲ್ಲಿ ಎರಡೂ ಶಾಫ್ಟ್‌ಗಳನ್ನು ಒಟ್ಟಿಗೆ ತೆಗೆದರೆ ಡಿಫರೆನ್ಷಿಯಲ್‌ನ ಒಳಗಿನ ಗೇರ್‌ಗಳು ಜಾರಿಬಿಡುತ್ತವೆ, ಆದ್ದರಿಂದ ಒಂದು ಬದಿ ಮುಗಿಸಿಯೇ ಇನ್ನೊಂದಕ್ಕೆ ಕೈಹಾಕಿ.

ಎಲ್ಲಿ ನಿಲ್ಲಿಸಬೇಕು

ಪುಲ್ಲರಿನ ಕಾಲು ಬಾಗತೊಡಗಿದರೆ, ವೀಲ್ ಬೋಲ್ಟ್ ಓರೆಯಾದರೆ, ಶಾಫ್ಟಿನ ತುದಿ ಅಗಲವಾಗಿ ನಟ್ ಓಡಾಡದಂತಾದರೆ, ಅಥವಾ ಹಬ್ ತಿರುಗಿಸಿದಾಗ ಗರಗರ ಸದ್ದು ಬಂದರೆ ಮನೆಯ ಪ್ರಯತ್ನ ಅಲ್ಲಿಗೆ ಮುಗಿಯಿತು. ಆಗ ಬಾಲ್ ಜಾಯಿಂಟ್, ಟೈ ರಾಡ್, ಸ್ಟ್ರಟ್ ಬಿಡಿಸಿ, ಒಳತುದಿಯನ್ನು ಗೇರ್‌ಬಾಕ್ಸಿನಿಂದ ಬಿಡಿಸಿ, ನಕಲ್ ಮತ್ತು ಶಾಫ್ಟನ್ನು ಜೋಡಿಯಾಗಿಯೇ ಹೊರತೆಗೆದು ಹೈಡ್ರಾಲಿಕ್ ಪ್ರೆಸ್ ಇರುವ ವರ್ಕ್‌ಶಾಪಿಗೆ ಒಯ್ಯಬೇಕು. ಹುಬ್ಬಳ್ಳಿ, ಗದಗ, ಹಾವೇರಿ, ರಾಣೆಬೆನ್ನೂರಿನಂಥ ಊರುಗಳಲ್ಲಿ ಟ್ರ್ಯಾಕ್ಟರ್, ಲಾರಿ ಕೆಲಸ ಮಾಡುವವರ ಬಳಿ ಇಂಥ ಪ್ರೆಸ್ ಸಿಗುತ್ತದೆ. "ಎಕ್ಸಲ್ ಹಿಡಕೊಂಡೈತ್ರಿ, ಬೇರಿಂಗ್ ಉಳೀಬೇಕು" ಎಂದು ಮೊದಲೇ ಹೇಳಿದರೆ ಮಿಸ್ತ್ರಿಯವರು ನಕಲ್‌ಗೆ ಬದಲು ಹಬ್‌ನ ಮುಖದ ಹಿಂಬದಿಗೆ ಆಧಾರ ಕೊಟ್ಟು ಒತ್ತುತ್ತಾರೆ. ಶಾಫ್ಟ್ ಹೇಗೂ ಬದಲಿಸುವುದೇ ಆಗಿದ್ದರೆ ಅದನ್ನು ಗ್ರೈಂಡರಿನಿಂದ ನಡುವೆ ಕತ್ತರಿಸಿಬಿಡುವುದು ಎಷ್ಟೋ ಸಲ ಜಾಣತನ, ನಕಲ್ ಹೊರತರುವುದು ಅರ್ಧಕ್ಕರ್ಧ ಸುಲಭವಾಗುತ್ತದೆ.

ಹಂತ 8: ಮರುಜೋಡಣೆ

ಎರಡೂ ಕಡೆಯ ಸ್ಪ್ಲೈನ್‌ಗಳನ್ನು ತಂತಿ ಬ್ರಷ್‌ನಿಂದ ಲೋಹ ಹೊಳೆಯುವವರೆಗೆ ತಿಕ್ಕಿ, ಒರೆಸಿ, ಆ್ಯಂಟಿ ಸೀಜ್ ಅಥವಾ ಮಾಲಿಬ್ಡಿನಂ ಗ್ರೀಸನ್ನು ತೆಳ್ಳಗೆ ಹಚ್ಚಬೇಕು. ಕೈಪಿಡಿಯಲ್ಲಿ ಲಾಕಿಂಗ್ ದ್ರವ ಹೇಳಿದ್ದರೆ ಅದನ್ನೇ ಹಚ್ಚಿ. ನಟ್‌ನ ಥ್ರೆಡ್ಡಿಗೆ ಮಾತ್ರ ಗ್ರೀಸ್ ತಾಗಬಾರದು. ಜಾರುವ ಥ್ರೆಡ್ ಅದೇ ಟಾರ್ಕಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಬಿಗಿಯಾಗುತ್ತದೆ. ಅಂಚು ಒತ್ತಿ ಕೂರಿಸುವ ಬಗೆಯ ನಟ್ ಒಂದೇ ಸಲಕ್ಕೆ, ಹೊಸದನ್ನು ಹಾಕಬೇಕು. ಗೇರ್‌ಬಾಕ್ಸ್ ತುದಿಯ ಸರ್ಕ್ಲಿಪ್ಪನ್ನೂ ಹೊಸದು ಹಾಕಿ, ಟಿಕ್ ಎಂದು ಕೂತದ್ದನ್ನು ಬಟ್ಟಲು ಹಿಡಿದು ಎಳೆದು ಖಚಿತಪಡಿಸಿಕೊಳ್ಳಿ.

ಚಕ್ರ ಇನ್ನೂ ಗಾಳಿಯಲ್ಲಿರುವಾಗ, ಬ್ರೇಕ್ ಒತ್ತಿಸಿ, ಟಾರ್ಕ್ ರೆಂಚಿನಿಂದ ಕೈಪಿಡಿಯ ಅಂಕಿಗೆ ಬಿಗಿಸಿದ ಮೇಲೆಯೇ ಗಾಡಿ ಇಳಿಸಬೇಕು. ಟಾರ್ಕ್ ರೆಂಚ್ ಇಲ್ಲದವರು ಅಂದಾಜಿನಲ್ಲಿ ಬಿಗಿಸುವುದಕ್ಕಿಂತ ಗ್ಯಾರೇಜಿನಿಂದ ಅರ್ಧ ಗಂಟೆಗೆ ತಂದುಕೊಳ್ಳುವುದು ಮೇಲು. ಕೊನೆಗೆ ನಟ್‌ನ ಅಂಚನ್ನು ಮೊಂಡು ಚಾಣದಿಂದ ಶಾಫ್ಟಿನ ತೋಡಿನೊಳಗೆ ಒತ್ತಿ ಕೂರಿಸಿ. ಬ್ರೇಕ್ ಪೆಡಲನ್ನು ನಾಲ್ಕಾರು ಸಲ ಒತ್ತಿ ಗಟ್ಟಿಯಾಗುವವರೆಗೆ ಗಾಡಿ ಕದಲಿಸಬೇಡಿ, ಇಳಿಸಿದ ಗೇರ್ ಆಯಿಲನ್ನು ಅಳತೆಗೆ ತಕ್ಕಂತೆ ತುಂಬುವುದನ್ನು ಮರೆಯಬೇಡಿ. ಮರುದಿನ ಗಾಡಿ ನಿಂತ ಜಾಗದಲ್ಲಿ ಆಯಿಲಿನ ಕಲೆ ಇದೆಯೇ ನೋಡಿ, ಐವತ್ತು ಕಿಲೋಮೀಟರ್ ಓಡಿದ ಮೇಲೆ ವೀಲ್ ನಟ್‌ಗಳನ್ನು ಮತ್ತೊಮ್ಮೆ ಪರೀಕ್ಷಿಸಿ. ಸ್ಟ್ರಟ್ ಅಥವಾ ಟೈ ರಾಡ್ ಬಿಚ್ಚಿದ್ದರೆ ವೀಲ್ ಅಲೈನ್‌ಮೆಂಟ್ ಮಾಡಿಸಿಯೇ ಹೆದ್ದಾರಿಗೆ ಇಳಿಸಿ.